ನಂಬರು ಅದೇ, ಕಂಪನಿ ಬೇರೆ

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ "ಟೈಲರ್ ಅಂಗಡಿ ಎಲ್ಲಿ?" ಎಂದು ಕೇಳಿ ನೋಡಿ. "ಯಾರು, ಜೋಜೋ ಟೈಲರಾ?" ಎಂದೇ ತಿರುಗಿ ಕೇಳುತ್ತಾರೆ. ಕೇಳುವಾಗ ತುಟಿಯಂಚಿನಲ್ಲಿ ಒಂದು ನಗೆ ಬೇರೆ. ತೊಟ್ಟಿಲು ತೂಗುವವರ ಬಾಯಲ್ಲಿರಬೇಕಾದ ಈ ಜೋಜೋ ತನ್ನ ಹೆಸರಿನ ಹಿಂದೆ ಯಾಕೆ ಅಂಟಿಕೊಂಡಿತೆಂದು ಟೈಲರಿಗೆ ಮಾತ್ರ ದೇವರಾಣೆಗೂ ಗೊತ್ತಿರಲಿಲ್ಲ. ತಾನು ನಿಧಾನಕ್ಕೆ, ಅಚ್ಚುಕಟ್ಟಾಗಿ ಕೆಲಸ ಮಾಡುತ್ತೇನಲ್ಲ, ಅದಕ್ಕೇ ಹೊಟ್ಟೆಕಿಚ್ಚಿನವರು ಹೀಗೆ ಆಡಿಕೊಳ್ಳುತ್ತಾರೆ ಎಂದು ಅವನೇ ಒಂದು ಅರ್ಥ ಕಟ್ಟಿಕೊಂಡಿದ್ದ. "ಹೇಳಲಿ ಬಿಡೇ, ಆಡುವವರ ಬಾಯಿಗೆ ಹೊಲಿಗೆ ಹಾಕೋಕಾಗುತ್ತಾ?" ಎಂದು ಹೆಂಡತಿಯ ಮುಂದೆ ಮೀಸೆ ತಿರುವುತ್ತಿದ್ದ.

ಅಂಗಡಿಯೆಂದರೆ ಬೀಗದ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಒಂದು ಕೋಣೆ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಪರದೆ ಎಳೆದ ಟ್ರಯಲ್ ರೂಮು, ನಡುವೆ ಹೊಲಿಗೆ ಯಂತ್ರ. ಅವನದು ಕತ್ತರಿ, ಹೆಂಡತಿಯದು ಕಾಲು. ಅವನು ಅಳತೆ ತೆಗೆದು ಕತ್ತರಿಸಿ ಕೊಟ್ಟದ್ದನ್ನೆಲ್ಲ ಅವಳು ಬೆಳಗಿನಿಂದ ಸಂಜೆಯವರೆಗೆ ಪೆಡಲ್ ತುಳಿದು ಹೊಲಿಯುತ್ತಿದ್ದಳು. ಈಚೆಗೆ ಅವಳ ಬಲಮಂಡಿ ಊದಿಕೊಳ್ಳತೊಡಗಿತ್ತು. ಸಂಜೆ ಏಳುವಾಗ ಮೇಜು ಹಿಡಿದು "ಅಮ್ಮಾ" ಎಂದು ನಿಂತುಬಿಡುತ್ತಿದ್ದಳು. "ಯಂತ್ರಕ್ಕೆ ಒಂದು ಮೋಟಾರ್ ಹಾಕಿಸಿ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ವಲ್ರೀ" ಎಂದು ಅವಳು ಹೇಳಿದಾಗಲೆಲ್ಲ ಅವನದು ಒಂದೇ ಉತ್ತರ, "ಮುಂದಿನ ತಿಂಗಳು ನೋಡೋಣ." ಮುಂದಿನ ತಿಂಗಳು ಬಂದಾಗ ಅದರ ಜೊತೆಗೇ ಫೋನಿನ ಬಿಲ್ಲೂ ಬರುತ್ತಿತ್ತು, ಮೋಟಾರು ಇನ್ನೊಂದು ತಿಂಗಳು ಮುಂದೆ ಹೋಗುತ್ತಿತ್ತು.

ಮನೆಗೂ ಅಂಗಡಿಗೂ ಸೇರಿ ಇವರಿಗಿದ್ದದ್ದು ಒಂದೇ ಫೋನು. ಆದರೆ ಆ ನಂಬರಿನ ಗತ್ತೇ ಬೇರೆ. ಅವನ ಅಂಗಡಿಯಿಂದ ಹೊರಬಿದ್ದ ಪ್ರತಿ ಅಂಗಿ, ಪ್ರತಿ ಕೋಟಿನ ಕಾಲರಿನ ಒಳಗೆ ಹೆಬ್ಬೆರಳಗಲದ ಒಂದು ಬಿಳಿ ಪಟ್ಟಿ ಇರುತ್ತಿತ್ತು. ಅದರ ಮೇಲೆ ನೀಲಿ ನೂಲಿನಲ್ಲಿ ಅವನ ಫೋನ್ ನಂಬರು, ಹೆಂಡತಿಯ ಕೈಕಸೂತಿ. ಹೆಸರಿಲ್ಲ, ಊರಿಲ್ಲ, ಬರೀ ನಂಬರು. "ಹೆಸರೂ ಹಾಕೋಣ್ವಾ?" ಎಂದು ಅವಳು ಮೊದಲು ಕೇಳಿದ್ದಳು. "ಹೆಸರಿಗೆ ಯಾರಾದ್ರೂ ಫೋನ್ ಮಾಡ್ತಾರೇನೇ?" ಎಂದಿದ್ದ. ಮಾತು ಸರಿಯಾಗಿಯೇ ಇತ್ತು. ತೋಳು ಉದ್ದವಾಯಿತು ಎನ್ನುವವರು, ಹೊಟ್ಟೆ ಬಂದು ಗುಂಡಿ ಕೂರುತ್ತಿಲ್ಲ ಎನ್ನುವವರು, ತಮ್ಮನಿಗೂ ಇಂಥದ್ದೇ ಒಂದು ಹೊಲಿದುಕೊಡಿ ಎನ್ನುವವರು, ಎಲ್ಲರೂ ಕಾಲರ್ ತಿರುಗಿಸಿ ನೋಡಿ ಕರೆ ಮಾಡುತ್ತಿದ್ದರು. ಆ ಪಟ್ಟಿ ಎಲ್ಲೆಲ್ಲಿಗೆ ಹೋಗಿದೆಯೋ ಯಾರ ಬೆನ್ನ ಮೇಲಿದೆಯೋ ಬಲ್ಲವರಿಲ್ಲ.

ಕರೆಗಳೇನೋ ಬರುತ್ತಿದ್ದವು, ಮಾತು ಕೇಳಬೇಕಲ್ಲ! ಅಂಗಡಿಯ ಒಳಗೆ ದನಿ ತುಂಡು ತುಂಡಾಗುತ್ತಿತ್ತು. ಫೋನ್ ರಿಂಗಾಯಿತೆಂದರೆ ಅವನು ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬೀಗದ ಅಂಗಡಿಯ ಮೆಟ್ಟಿಲಿಗೆ ಓಡಬೇಕು. ಅದರಲ್ಲೂ ಮಧ್ಯಾಹ್ನ ಊಟ ಮುಗಿಸಿ ಕೂತ ಹೊತ್ತಿಗೆ ದಿನಾ ಒಂದು ಕರೆ. ಓಡಿಹೋಗಿ "ಹಲೋ" ಅಂದರೆ ಸಾಕು, ಆ ಕಡೆಯಿಂದ ಒಂದು ಹೆಣ್ಣುದನಿ "ಅಯ್ಯೋ, ಛೆ!" ಎಂದು ಪಿಸುಗುಟ್ಟಿ ಕಟ್ ಮಾಡುತ್ತಿತ್ತು. ತಿರುಗಿ ಮಾಡಿದರೆ ಎತ್ತುತ್ತಿರಲಿಲ್ಲ.

"ಯಾರ್ರೀ ಅದು, ದಿನಾ ಇದೇ ಹೊತ್ತಿಗೆ?" ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಕೇಳುತ್ತಿದ್ದಳು.

"ನನ್ನಾಣೆಗೂ ಗೊತ್ತಿಲ್ಲ ಕಣೇ!"

"ಆಣೆ ಯಾಕೆ ಇಡ್ತೀರಾ? ನಾನು ಸುಮ್ನೆ ಕೇಳಿದೆ," ಎಂದು ಅವಳು ಪೆಡಲನ್ನು ಒಂದಿಷ್ಟು ಜೋರಾಗಿಯೇ ತುಳಿಯುತ್ತಿದ್ದಳು.

ಹೀಗಿರುವಾಗ ಒಂದು ದಿನ ಅವನ ತಂಗಿ ಬಂದಳು. ಅವಳು ಬಸ್ ಕಂಡಕ್ಟರು. ದಿನವಿಡೀ ತುಂಬಿದ ಬಸ್ಸಿನಲ್ಲಿ ಕೂಗಿ ಕೂಗಿ ಅವಳ ದನಿ ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳುವಂಥದ್ದು. ಟಿಕೆಟ್ ಚೀಲ ಉಜ್ಜಿ ಉಜ್ಜಿ ಸಮವಸ್ತ್ರದ ಜೇಬು ಕಿತ್ತುಹೋಗಿತ್ತು, ಅದನ್ನು ಹೊಲಿಸಲು ಬಂದಿದ್ದಳು. ಬಂದವಳು ನೋಡುತ್ತಾಳೆ, ಅಣ್ಣ ಒಂದು ಕಾಲು ಬೀಗದ ಅಂಗಡಿಯ ಮೆಟ್ಟಿಲ ಮೇಲೆ, ಇನ್ನೊಂದು ಕಾಲು ಚರಂಡಿಯ ಕಲ್ಲಿನ ಮೇಲಿಟ್ಟು, ಒಂದು ಕಿವಿ ಮುಚ್ಚಿಕೊಂಡು ಬೀದಿಗೆ ಬೀದಿಯೇ ಕೇಳುವಂತೆ ಕೂಗುತ್ತಿದ್ದಾನೆ. "ಸೊಂಟಾ! ಸೊಂಟದ ಅಳತೆ ಎಷ್ಟು ಅಂದೆ! ಜೋರಾಗಿ ಹೇಳೀಮ್ಮಾ!" ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಅವನನ್ನು ದುರುಗುಟ್ಟಿ ನೋಡಿ ಸೆರಗು ಎಳೆದುಕೊಂಡು ಮುಂದೆ ಹೋದಳು.

"ಇದೇನಣ್ಣಾ ಅವತಾರ? ಅಂಗಡಿ ಒಳಗಾ, ಚರಂಡಿ ಮೇಲಾ?" ಎಂದಳು ತಂಗಿ.

"ಒಳಗೆ ಸರಿಯಾಗಿ ಕೇಳಿಸಲ್ಲಮ್ಮಾ."

"ಬಿಲ್ಲು ಮಾತ್ರ ಸರಿಯಾಗಿ ಬರುತ್ತೆ," ಎಂದಳು ಒಳಗಿನಿಂದ ಹೆಂಡತಿ. "ನಾದಿನೀ, ನೀನಾದ್ರೂ ಹೇಳು. ನನ್ನ ಮಾತು ಇವರಿಗೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ."

"ಹೇಳೋದೇನು ಬಂತು ಅತ್ತಿಗೆ? ನೆಟ್‌ವರ್ಕ್ ಇಲ್ಲ, ಬಿಲ್ಲು ಜಾಸ್ತಿ. ಕಂಪನಿ ಬಿಟ್ಟು ಬೇರೆ ಕಂಪನಿಗೆ ಹೋದ್ರಾಯ್ತು."

ಟೈಲರು ಎರಡೂ ಕಿವಿ ಮುಚ್ಚಿಕೊಂಡ. "ಬಿಡ್ತು ಅನ್ನು! ಒಳ್ಳೇ ಹೊತ್ತಲ್ಲಿ ಎಂಥ ಮಾತಾಡ್ತೀಯ? ಕಂಪನಿ ಬಿಟ್ಟರೆ ನಂಬರ್ ಹೋಗುತ್ತೆ. ನಂಬರ್ ಹೋದರೆ ಅಂಗಡಿ ಹೋದ ಹಾಗೆ. ಊರಿನವರ ಕಾಲರನ್ನೆಲ್ಲ ಬಿಚ್ಚಿಸಿ ಹೊಸ ಪಟ್ಟಿ ಹಾಕೋಕೆ ನೀನು ಬರ್ತೀಯಾ?"

"ನಂಬರ್ ಹೋಗುತ್ತೆ ಅಂತ ಯಾರು ಹೇಳಿದ್ದು?"

"ಕಂಪನಿ ಅಂಗಡಿಯಲ್ಲೇ ಹೇಳಿದ್ರು. ಟೈ ಕಟ್ಕೊಂಡಿದ್ದ ಮನುಷ್ಯ. 'ಸರ್, ನಮ್ಮನ್ನ ಬಿಟ್ಟರೆ ನಿಮ್ಮ ನಂಬರಿಗೆ ನಾವು ಜವಾಬ್ದಾರರಲ್ಲ' ಅಂದ."

"ಹೂವಿನ ಅಂಗಡಿಯವಳನ್ನ ಕೇಳಿದ್ರೆ ಪಕ್ಕದವಳ ಹೂವು ಚೆನ್ನಾಗಿದೆ ಅಂತಾಳಾ?" ತಂಗಿ ಜೇಬು ಕಿತ್ತ ಅಂಗಿಯನ್ನು ಮೇಜಿನ ಮೇಲೆ ಎಸೆದು ಸ್ಟೂಲ್ ಎಳೆದು ಕೂತಳು. "ಇಲ್ಲಿ ಕೇಳಣ್ಣಾ. ನನ್ನ ಬಸ್ಸು ಕೆಟ್ಟು ನಿಂತರೆ ನಾನೇನು ಮಾಡ್ತೀನಿ? ಜನಾನೆಲ್ಲ ಇಳಿಸಿ ಹಿಂದೆ ಬರೋ ಬಸ್ಸಿಗೆ ಹತ್ತಿಸ್ತೀನಿ. ಬಸ್ ಬೇರೆ ಆಯ್ತು ಅಂತ ಪ್ಯಾಸೆಂಜರ್ ಹೆಸರು ಬದಲಾಗಿಬಿಡುತ್ತಾ? ನಿನ್ನ ನಂಬರ್ ಅಂದ್ರೆ ಪ್ಯಾಸೆಂಜರ್. ಕಂಪನಿ ಅಂದ್ರೆ ಬಸ್ಸು. ನಾನೇ ಹೋದ ವರ್ಷ ಇಳಿದು ಹತ್ತಿದೀನಿ. ನನ್ನ ನಂಬರ್ ಬದಲಾಯ್ತಾ? ನೀನು ಅದೇ ನಂಬರಿಗೇ ತಾನೇ ಫೋನ್ ಮಾಡ್ತಿರೋದು?"

ಟೈಲರಿಗೆ ಹೊಳೆಯಿತು. ಹೌದಲ್ಲ, ತಂಗಿಯ ನಂಬರು ಅದೇ ಇದೆ! ಆದರೆ ಸೋಲೊಪ್ಪುವ ಜಾಯಮಾನ ಅವನದಲ್ಲ. ಟ್ರಯಲ್ ರೂಮಿನ ಕನ್ನಡಿಯ ಪಕ್ಕಕ್ಕೆ ಕೈ ತೋರಿಸಿದ. ಅಲ್ಲಿ ಹೊಳೆಯುವ ದಪ್ಪ ರಟ್ಟಿನ ಕಾರ್ಡೊಂದು ಮೊಳೆಗೆ ನೇತಾಡುತ್ತಿತ್ತು. 'ನಮ್ಮ ಗೌರವಾನ್ವಿತ ಸುವರ್ಣ ಗ್ರಾಹಕರಿಗೆ' ಎಂದು ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ.

"ಗೌರವಾನ್ವಿತ ಗ್ರಾಹಕ ನಾನು! ನಿನ್ನ ಹಾಗೆ ಅಲ್ಲಿ ಇಳಿದು ಇಲ್ಲಿ ಹತ್ತೋಕೆ ನಾನೇನು ಬೀದಿಬಸವನಾ? ಇಷ್ಟು ಮರ್ಯಾದೆ ಕೊಡೋ ಕಂಪನೀನ ಬಿಡೋದು ನ್ಯಾಯಾನಾ?"

"ಮರ್ಯಾದೆ ಕೊಡ್ತಾರಂತೆ, ಮರ್ಯಾದೆ!" ತಂಗಿ ನಕ್ಕಳು. "ಏನೇ ಹೇಳು, ನಿನ್ನ ಆ ಜೋಗುಳಕ್ಕೆ ಎಷ್ಟು ಕಟ್ತಿದೀಯೋ ಏನೋ. ಮೊನ್ನೆ ಊಟದ ಹೊತ್ತಲ್ಲಿ ನಿಂಗೆ ಫೋನ್ ಮಾಡಿದ್ದೆ. ಅದನ್ನ ಕೇಳಿಸ್ಕೊಂಡು ನಮ್ಮ ಡ್ರೈವರ್ ಅಲ್ಲೇ ಆಕಳಿಸಿಬಿಟ್ಟ."

"ಯಾವ ಜೋಗುಳ?"

"ನಿನ್ನ ಫೋನಿನ ಜೋಗುಳ."

"ನನ್ನ ಫೋನು ಟ್ರಿಣ್ ಟ್ರಿಣ್ ಅನ್ನುತ್ತಮ್ಮಾ. ಜೋಗುಳ ಎಲ್ಲಿಂದ ಬಂತು?"

ತಂಗಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ನಾದಿನಿಯ ಮುಖ ನೋಡಿದಳು. ತಂಗಿ ತನ್ನ ಫೋನ್ ತೆಗೆದು ಅಣ್ಣನ ನಂಬರು ಒತ್ತಿ, ಸ್ಪೀಕರ್ ಹಾಕಿ ಕತ್ತರಿಸುವ ಮೇಜಿನ ಮೇಲಿಟ್ಟಳು. ಇತ್ತ ಟೈಲರಿನ ಫೋನು ಟ್ರಿಣ್ ಟ್ರಿಣ್ ಎಂದು ಸದ್ದು ಮಾಡುತ್ತಿದ್ದರೆ, ಅತ್ತ ತಂಗಿಯ ಫೋನಿನಿಂದ ಹೆಂಗಸೊಬ್ಬಳು ಎಳೆ ಎಳೆಯಾಗಿ, ತೊಟ್ಟಿಲು ಜೀಕುವ ಲಯದಲ್ಲಿ "ಜೋ ಜೋ" ಎಂದು ಹಾಡತೊಡಗಿದಳು. ಹಿಂದೆ ಒಂದು ಕೊಳಲು ಬೇರೆ.

ಟೈಲರು ಎರಡೂ ಫೋನುಗಳನ್ನು ಮಿಕಿಮಿಕಿ ನೋಡಿದ. ಅಂಗಡಿಯ ಬಾಗಿಲಲ್ಲಿ ಬೀಗದ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಗ, ಆ ಕ್ಷಣದಲ್ಲಿ, ನಮ್ಮ ಟೈಲರಿಗೆ ತನ್ನ ಹೆಸರಿನ ಅರ್ಥ ಗೊತ್ತಾಯಿತು.

"ಅಂದ್ರೆ... ನನಗೆ ಫೋನ್ ಮಾಡಿದೋರಿಗೆಲ್ಲ..."

"ಎಲ್ಲರಿಗೂ!" ಎಂದ ಬೀಗದ ಅಂಗಡಿಯವನು. "ನನ್ನ ಮಾವ ತೀರಿಕೊಂಡ ದಿನ ಹೇಳೋಣ ಅಂತ ಫೋನ್ ಮಾಡಿದೆ. ಅಳ್ತಾ ಇದ್ದವನು ಜೋಗುಳ ಕೇಳಿ ಅಳೋದೇ ಮರೆತೆ."

"ಅಲ್ಲಯ್ಯಾ, ಇಷ್ಟು ವರ್ಷದಿಂದ ಒಬ್ಬನಾದ್ರೂ ಹೇಳಬಾರದಾ?"

"ನೀವೇ ಆಸೆಪಟ್ಟು ಹಾಕಿಸ್ಕೊಂಡಿದೀರಿ ಅಂದ್ಕೊಂಡೆ. ಲೋಕೋ ಭಿನ್ನರುಚಿಃ."

ತಂಗಿಯ ದನಿ ಮೊದಲ ಸಲ ಸ್ವಲ್ಪ ತಗ್ಗಿತು. "ನಾನು ಅಮ್ಮನ ನೆನಪಿಗೆ ಹಾಕಿಸ್ಕೊಂಡಿದೀಯ ಅಂದ್ಕೊಂಡಿದ್ದೆ ಅಣ್ಣಾ. ಅದಕ್ಕೇ ಕೇಳಲಿಲ್ಲ."

ಟೈಲರಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಮೆಟ್ಟಿಲಿಗೆ ಹೋಗಿ ನಿಂತು ಕಂಪನಿಗೆ ಫೋನ್ ಹಚ್ಚಿದ. ಬಹಳ ಹೊತ್ತು ಕಾಯಿಸಿ ಕೊನೆಗೆ ಒಬ್ಬಳು ಮಾತಿಗೆ ಸಿಕ್ಕಳು. "ಹೌದು ಸರ್. ಇದು ಕಾಲರ್ ಟ್ಯೂನ್, ನೀವೇ ಒಂದನ್ನು ಒತ್ತಿ ಪಡೆದ ಸೇವೆ. ಪ್ರತಿ ತಿಂಗಳೂ ಬಿಲ್ಲಿನಲ್ಲಿ ಸೇರಿಸಲಾಗುತ್ತಿದೆ," ಎಂದು ಜೇನು ಸುರಿದಳು. ಅವನಿಗೆ ಮಸುಕು ಮಸುಕಾಗಿ ನೆನಪಾಯಿತು. ಯಾವುದೋ ಕಾಲದಲ್ಲಿ, ಕೈತುಂಬ ಸೀಮೆಸುಣ್ಣ ಮೆತ್ತಿಕೊಂಡು ಕೋಟು ಕತ್ತರಿಸುತ್ತಿದ್ದಾಗ ಏನೋ ಹಾಡಿನ ಕರೆ ಬಂದು ಬಡಬಡಿಸುತ್ತಿತ್ತು, ಬಾಯಿ ಮುಚ್ಚಿದರೆ ಸಾಕೆಂದು ಸಿಕ್ಕಿದ್ದನ್ನು ಒತ್ತಿದ್ದ. ತಾನು ಒಂದು ಸಲವೂ ಕೇಳದ ಹಾಡಿಗೆ ಅಂದಿನಿಂದ ಇಂದಿನವರೆಗೆ ತೆತ್ತಿದ್ದ!

ವಾಪಸು ಬಂದಾಗ ಹೆಂಡತಿ ಯಂತ್ರ ಬಿಟ್ಟು ಎದ್ದಿದ್ದಳು. ಮಂಡಿ ನೀವಿಕೊಳ್ಳುತ್ತ, ಅವನ ಕೊರಳಿನಿಂದ ಟೇಪನ್ನು ಎಳೆದು ತನ್ನ ಕೊರಳಿಗೆ ಹಾಕಿಕೊಂಡಳು.

"ಕೂತ್ಕೊಳ್ಳಿ. ಇವತ್ತು ನಿಮ್ಮ ಅಳತೆ ನಾನು ತೆಗೀತೀನಿ."

"ಎಂಥ ಅಳತೆಯೇ?"

"ಫೋನಿನ ಅಳತೆ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕೋನು ಟೈಲರ್ರೇ ಅಲ್ಲ ಅಂತ ದಿನಾ ಹೇಳ್ತೀರಲ್ಲ, ಈ ಪ್ಲಾನು ತಗೊಳ್ಳೋವಾಗ ಅಳತೆ ತೆಗೆದಿದ್ರಾ?" ಅವಳು ಮೇಜಿನ ಮೇಲೆ ಹಾಸಿದ್ದ ಕಂದು ಬಟ್ಟೆಯ ಅಂಚಿನಲ್ಲಿ ಸೀಮೆಸುಣ್ಣ ಇಟ್ಟಳು. "ದಿನಕ್ಕೆ ಎಷ್ಟು ಹೊತ್ತು ಮಾತಾಡ್ತೀರಾ?"

"ಗಿರಾಕಿಗಳ ಹತ್ರ ಮಾತಾಡಿದಷ್ಟು. ಒಂದು ಗಂಟೆ ಇದ್ದೀತು."

"ಫೋನಲ್ಲಿ ಸಿನಿಮಾ ನೋಡ್ತೀರಾ?"

"ಬಾಬಿನ್ನಿನ ದಾರ ನೋಡೋಕೇ ಕನ್ನಡಕ ಬೇಕು. ಸಿನಿಮಾ ಅಂತೆ."

"ಹೊರದೇಶಕ್ಕೆ ಫೋನ್ ಮಾಡ್ತೀರಾ?"

"ನಮಗಲ್ಲಿ ಯಾರಿದಾರೇ?"

"ಇಂಟರ್‌ನೆಟ್ಟು?"

"ನೀನೇ ಒಂದೊಂದು ಸಲ ಕಸೂತಿ ಡಿಸೈನ್ ನೋಡ್ತೀಯಲ್ಲ, ಅಷ್ಟೇ."

ತಂಗಿ ಫೋನ್ ತೆಗೆದುಕೊಂಡು ಅವನ ಪ್ಲಾನಿನಲ್ಲಿ ಏನೇನಿದೆ ಎಂದು ಓದುತ್ತ ಹೋದಳು. ಸಿನಿಮಾ ಇತ್ತು, ಆಟಗಳಿದ್ದವು, ಹೊರದೇಶದ ಕರೆಗಳಿದ್ದವು, ಬೀದಿಗೆಲ್ಲ ಹಂಚಿದರೂ ಮುಗಿಯದಷ್ಟು ಇಂಟರ್‌ನೆಟ್ ಇತ್ತು. ಪ್ರತಿ ತಿಂಗಳೂ ಅದೆಲ್ಲ ಮುಟ್ಟದೆ ಹಾಗೇ ಹೋಗುತ್ತಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದಳು ಹೆಂಡತಿ. "ನಮ್ಮನೇಲಿ ಉಲ್ಟಾ. ಗೇಣುದ್ದ ಕಾಲಿಗೆ ಮೈದಾನದಷ್ಟು ಹಾಸಿಗೆ. ಐದಡಿ ಗಿರಾಕಿಗೆ ಏಳಡಿ ಕೋಟು ಹೊಲಿದುಕೊಟ್ಟು, ಇಷ್ಟೊಂದು ಬಟ್ಟೆ ಇದೆ ಖುಷಿಪಡಿ ಅಂದ್ರೆ ಸುಮ್ನಿರ್ತಾನಾ? ನಿಮ್ಮ ಮುಖದ ಮೇಲೇ ಎಸೆದು ಹೋಗ್ತಾನೆ. ನೀವು ಮಾತ್ರ ಆ ಕೋಟು ಹಾಕ್ಕೊಂಡು ನೆಲ ಗುಡಿಸ್ತಾ ಓಡಾಡ್ತಿದೀರಾ."

ತನ್ನ ಕಸುಬಿನ ಮಾತು ಅವನಿಗೆ ಸರಿಯಾಗಿ ನಾಟಿತು. ಅಳತೆ ತಪ್ಪಿದ ಕೋಟು ಎಂದರೆ ಅವನಿಗೆ ಮೈಯೆಲ್ಲ ಉರಿ.

"ಸರಿ, ಯಾವ ಕಂಪನಿ ಅಗ್ಗವೋ ಅದಕ್ಕೇ ಹೋಗೋಣ ನಡಿ!" ಎಂದು ಎದ್ದೇಬಿಟ್ಟ.

"ತಡಿ ತಡಿ, ಚಲಿಸೋ ಬಸ್ಸಿಂದ ಹಾರಬೇಡ," ಎಂದು ತಂಗಿ ಕೂರಿಸಿದಳು. "ಅಗ್ಗ ಅಂತ ಹೋಗಿ ಅಲ್ಲೂ ನೆಟ್‌ವರ್ಕ್ ಇಲ್ಲದಿದ್ರೆ? ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಗುತ್ತೆ. ಮೊದಲು ಇಲ್ಲಿ ಯಾವುದು ಸಿಗುತ್ತೆ ನೋಡೋಣ."

ಆಮೇಲೆ ನಡೆದ ತಮಾಷೆ ನೋಡಬೇಕಿತ್ತು. ಬೀಗದ ಅಂಗಡಿಯವನ ಫೋನು, ಬೇಕರಿಯವನ ಫೋನು, ಪ್ಯಾಂಟ್ ಉದ್ದ ಕಮ್ಮಿ ಮಾಡಿಸಲು ಬಂದ ಗಿರಾಕಿಯ ಫೋನು, ತಂಗಿಯ ಫೋನು. ಒಂದೊಂದು ಒಂದೊಂದು ಕಂಪನಿಯದು. ಒಬ್ಬೊಬ್ಬರಾಗಿ ಟ್ರಯಲ್ ರೂಮಿನ ಪರದೆಯೊಳಗೆ ಹೋಗಿ ಅಲ್ಲಿಂದ ಮಾತಾಡುವುದು, ಹೊರಗಿನವರು "ಕೇಳಿಸ್ತು", "ಕೇಳಿಸಲಿಲ್ಲ" ಎಂದು ಕೂಗುವುದು. ತಂಗಿಯ ಕಂಪನಿ ಪರದೆಯೊಳಗೆ ಹೋಗುತ್ತಲೇ ಸತ್ತಿತು. "ನನ್ನ ಬಸ್ಸು ಈ ರೂಟಿಗೆ ಬರಲ್ಲ ಬಿಡಣ್ಣಾ," ಎಂದು ಅವಳೇ ಒಪ್ಪಿಕೊಂಡಳು. ಬೀಗದ ಅಂಗಡಿಯವನದು ಮಾತ್ರ ಮೂಲೆಯಲ್ಲಿ ಕೂತು ಪಿಸುಗುಟ್ಟಿದರೂ ಗಂಟೆ ಹೊಡೆದಂತೆ ಕೇಳಿಸಿತು. ಅವನ ಪ್ಲಾನು ಏನೆಂದು ವಿಚಾರಿಸಿದರೆ, ಬೇಕಾದಷ್ಟು ಮಾತು, ಕಸೂತಿ ನೋಡಲು ಸಾಕಾಗುವಷ್ಟು ಇಂಟರ್‌ನೆಟ್ಟು, ಕಟ್ಟುವುದು ಟೈಲರು ಕಟ್ಟುತ್ತಿದ್ದುದರ ಮೂರರಲ್ಲೊಂದು ಪಾಲು.

"ಪಕ್ಕದ ಮನೆಯಲ್ಲೇ ಬಾವಿ ಇಟ್ಕೊಂಡು ಬಾಯಾರಿ ಕೂತಿದ್ವಿ," ಎಂದಳು ಹೆಂಡತಿ.

ತಂಗಿ ಹೇಳಿಕೊಟ್ಟಳು. ಹಳೇ ಬಿಲ್ಲು ಬಾಕಿ ಇಟ್ಟುಕೊಳ್ಳಬಾರದು, ಅದನ್ನು ಮೊದಲು ಕಟ್ಟಿ ಮುಗಿಸಬೇಕು. ಆಮೇಲೆ ಅಣ್ಣನ ಫೋನಿನಿಂದಲೇ 'ನಂಬರ್ ಇಟ್ಟುಕೊಂಡು ಕಂಪನಿ ಬದಲಿಸುತ್ತೇನೆ' ಎಂದು ಕೋರಿ ಸಂದೇಶ ಕಳಿಸಬೇಕು. ತಿರುಗಿ ಒಂದು ಕೋಡ್ ಬರುತ್ತದೆ. ಆ ಕೋಡು, ಗುರುತಿನ ಚೀಟಿ ಹಿಡಿದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋದರೆ ಹೊಸ ಸಿಮ್ ಕೊಡುತ್ತಾರೆ.

"ಆ ಕೋಡನ್ನ ಮಾತ್ರ ಹುಷಾರು," ಎಂದು ಬೆರಳೆತ್ತಿ ಹೇಳಿದಳು. "ಫೋನ್ ಮಾಡಿ ಯಾರು ಕೇಳಿದ್ರೂ ಹೇಳಬೇಡ. ನಾನೇ ಕಂಪನಿಯವನು ಅಂದ್ರೂ ಹೇಳಬೇಡ. ಅಂಗಡಿಗೆ ನೀನೇ ಹೋಗು, ಎದುರಿಗೆ ಕೂತು ಕೊಡು. ಹಳೇ ಸಿಮ್ ತಾನಾಗಿ ಸಾಯೋವರೆಗೂ ಅದನ್ನ ತೆಗೀಬೇಡ, ಬಸ್ ಬದಲಾಯಿಸೋವಾಗ ಸ್ವಲ್ಪ ಹೊತ್ತು ರಸ್ತೆ ಮೇಲೆ ನಿಂತಿರಬೇಕಾಗುತ್ತೆ."

ಸಂದೇಶ ಹೋಯಿತು, ಕೋಡ್ ಬಂತು. ಕೋಡಿನ ಬೆನ್ನಿಗೇ ಹಳೇ ಕಂಪನಿಯ ಕರೆಯೂ ಬಂತು! ಇಷ್ಟು ವರ್ಷ ಬದುಕಿದ್ದೀಯಾ ಸತ್ತಿದ್ದೀಯಾ ಎಂದು ಕೇಳದವರು ಈಗ ನೆಂಟರಾಗಿಬಿಟ್ಟರು.

"ಗೌರವಾನ್ವಿತ ಗ್ರಾಹಕರೇ," ಎಂದಿತು ಜೇನುದನಿ. ಟೈಲರಿನ ಬೆನ್ನು ತಾನೇ ತಾನಾಗಿ ನೆಟ್ಟಗಾಯಿತು. "ನಿಮ್ಮಂಥ ಹಿರಿಯ ಗ್ರಾಹಕರನ್ನು ಕಳೆದುಕೊಳ್ಳಲು ನಮಗೆ ಇಷ್ಟವಿಲ್ಲ. ನಿಮಗಾಗಿ ಮಾತ್ರ ಬಿಲ್ಲನ್ನು ಅರ್ಧಕ್ಕೆ ಇಳಿಸುತ್ತೇವೆ ಸರ್. ಜೋಗುಳದ ಬದಲು ಬೇರೆ ಹಾಡನ್ನೂ ಕೊಡುತ್ತೇವೆ."

ಅರ್ಧಕ್ಕೆ! ನಿಮಗಾಗಿ ಮಾತ್ರ! ಮೆಟ್ಟಿಲ ಮೇಲೆ ನಿಂತ ಟೈಲರಿನ ಮನಸ್ಸು ಉಯ್ಯಾಲೆಯಾಡಿತು. ಮರ್ಯಾದಸ್ಥರು, ಪಾಪ, ಇಷ್ಟು ಕೇಳಿಕೊಳ್ಳುತ್ತಿದ್ದಾರೆ. ನಂಬರಿನ ಭಯವೂ ಇರುವುದಿಲ್ಲ. ಹೂಂ ಅಂದುಬಿಡೋಣವೇ ಎಂದು ಬಾಯಿಗೆ ಬರುವಷ್ಟರಲ್ಲಿ ಒಳಗೆ ಪೆಡಲಿನ ಸದ್ದು ನಿಂತಿತು. ತಿರುಗಿ ನೋಡಿದ. ಹೆಂಡತಿ ಇವನನ್ನು ನೋಡುತ್ತಿರಲಿಲ್ಲ. ಎರಡೂ ಕೈಯಿಂದ ಬಲಗಾಲನ್ನು ಹಿಡಿದೆತ್ತಿ ಪೆಡಲಿನಿಂದ ಕೆಳಗಿಳಿಸುತ್ತಿದ್ದಳು, ಬೇರೆ ಯಾರದೋ ಕಾಲೆಂಬಂತೆ. ತುಟಿ ಕಚ್ಚಿಕೊಂಡಿದ್ದಳು.

"ತಾಯೀ," ಎಂದ ಫೋನಿಗೆ. "ಅರ್ಧಕ್ಕೆ ಕೊಡೋಕೆ ಆಗುತ್ತೆ ಅಂದಮೇಲೆ ಇಷ್ಟು ವರ್ಷ ಪೂರ್ತಿ ಯಾಕೆ ತಗೊಂಡ್ರಿ? ನಾನು ಇಳೀತೀನಿ ಅಂದಮೇಲೆ ಗೌರವ ಬಂತಾ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ನನ್ನ ಗೌರವ ನನ್ನ ಹೊಲಿಗೇಲಿದೆ. ನಿಮ್ಮ ಹಾಡನ್ನ ನೀವೇ ಕೇಳ್ಕೊಂಡು ಹಾಯಾಗಿ ಮಲಗಿ."

ಬೀಗದ ಅಂಗಡಿಯವನು ಸುತ್ತಿಗೆಯಿಂದ ಕಬ್ಬಿಣದ ಮೇಲೆ ಟಣ್ ಟಣ್ ಎಂದು ಬಡಿದು ಶಭಾಷ್‌ಗಿರಿ ಕೊಟ್ಟ.

ಆದರೂ ಭಯ ಹೋಗುತ್ತದೆಯೇ? ಕೋಡು ಹಿಡಿದು ಹೊಸ ಕಂಪನಿಯ ಅಂಗಡಿಗೆ ತಾನೇ ಹೋಗಿ ಸಿಮ್ ತಂದ ಮೇಲೂ ಟೈಲರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ನೋಡುತ್ತಾನೆ, ಫೋನ್ ಸತ್ತುಬಿದ್ದಿದೆ. ಸಿಗ್ನಲ್ಲಿನ ಗೆರೆಯಿಲ್ಲ, ಸದ್ದಿಲ್ಲ.

"ಹೋಯ್ತು!" ಎಂದು ಮೇಜಿಗೆ ಒರಗಿದ. "ಹೋಯ್ತು ಕಣೇ ನಂಬರು! ನಾನು ಬಡ್ಕೊಂಡೆ. ನನ್ನ ತಂಗಿ ಮಾತು ಕೇಳಿ ಕೈಯಾರೆ ಕತ್ತರಿ ಹಾಕ್ಕೊಂಡೆ. ಇನ್ನು ಆ ಕಾಲರುಗಳನ್ನೆಲ್ಲ ಎಲ್ಲಿ ಹುಡುಕಲಿ?"

ಹೆಂಡತಿಗೂ ಎದೆ ಧಸಕ್ ಎಂದಿತ್ತು. ಆ ನಂಬರನ್ನು ನೂಲಿನಲ್ಲಿ ಬರೆದು ಬರೆದು ಅದರ ಒಂದೊಂದು ಅಂಕಿಯೂ ಅವಳ ಬೆರಳ ತುದಿಯಲ್ಲಿತ್ತು. ಆದರೂ ಗಟ್ಟಿ ಮನಸ್ಸು ಮಾಡಿ ಹೇಳಿದಳು, "ಬಸ್ ಬದಲಾಯಿಸೋವಾಗ ಸ್ವಲ್ಪ ಹೊತ್ತು ರಸ್ತೆ ಮೇಲೆ ನಿಂತಿರಬೇಕಾಗುತ್ತೆ ಅಂತ ನಾದಿನಿ ಹೇಳಿರಲಿಲ್ವಾ? ಹಳೇ ಸಿಮ್ ಸತ್ತಿದೆ ಅಂದ್ರೆ ಹೊಸದು ಹಾಕೋ ಹೊತ್ತು ಬಂತು ಅಂತ. ಬೊಬ್ಬೆ ಹೊಡೀಬೇಡಿ, ಇಲ್ಲಿ ಕೊಡಿ." ಸೂಜಿಯ ಮೊನೆಯಿಂದಲೇ ಫೋನಿನ ಬಾಯಿ ತೆರೆದು, ಹಳೇ ಸಿಮ್ ತೆಗೆದು ಹೊಸದನ್ನು ಕೂರಿಸಿದಳು. ಫೋನನ್ನು ಮೇಜಿನ ನಟ್ಟನಡುವೆ ಇಟ್ಟಳು. ಇಬ್ಬರೂ ಒಲೆಯ ಮೇಲಿನ ಹಾಲನ್ನು ಕಾಯುವವರ ಹಾಗೆ ಅದನ್ನೇ ನೋಡುತ್ತ ಕೂತರು.

ಒಂದು ಗೆರೆ ಬಂತು. ಎರಡಾಯಿತು. ತುಂಬಿತು. ಆದರೂ ಟೈಲರು ಕೈ ಮುಟ್ಟಿಸಲಿಲ್ಲ. ಕತ್ತರಿ ಹಿಡಿದ, ಇಟ್ಟ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ, ಟ್ರಿಣ್ ಟ್ರಿಣ್!

ಅವನು ರೂಢಿಯಂತೆ ಬಾಗಿಲಿಗೆ ಓಡಿದ. "ಎಲ್ಲಿಗ್ರೀ? ಇಲ್ಲೇ ಮಾತಾಡಿ!" ಎಂದು ಹೆಂಡತಿ ಟೇಪಿನ ತುದಿ ಹಿಡಿದೆಳೆದಳು.

"ಹ... ಹಲೋ?"

"ಹಲೋ, ನಮಸ್ಕಾರ." ಯಾರೋ ಗಂಡಸಿನ ದನಿ, ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ವಚ್ಛ. "ನನ್ನ ಹತ್ರ ಒಂದು ಕೋಟು ಇದೆ. ನಮ್ಮ ಅಪ್ಪಂದು. ಅವರ ಮದುವೆಗೆ ಹೊಲಿಸಿದ್ದಂತೆ. ಈಗ ನನ್ನ ಮದುವೆಗೆ ಅದನ್ನೇ ಹಾಕ್ಕೋಬೇಕು ಅಂತ ಅವರಿಗೆ ಆಸೆ. ಭುಜ ಸ್ವಲ್ಪ ಬಿಗಿ. ಹೋದ ಸಲ ರಿಪೇರಿ ಮಾಡಿಸ್ದಾಗ ಕಾಲರ್ ಒಳಗೆ ಈ ನಂಬರ್ ಹೊಲಿದಿದ್ರು. ಇದು ಟೈಲರ್ ನಂಬರೇನಾ?"

ಟೈಲರು ಹೆಂಡತಿಯತ್ತ ನೋಡಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಹೌದು ಸ್ವಾಮೀ, ಹೌದು! ಇದೇ ನಂಬರು! ಅಂದೂ ಇದೇ, ಇಂದೂ ಇದೇ, ಮುಂದೆಯೂ ಇದೇ! ಕೋಟು ತಗೊಂಡು ಬನ್ನಿ, ಭುಜ ಬಿಡಿಸಿಕೊಡೋದು ನನ್ನ ಜವಾಬ್ದಾರಿ!" ಎಂದು ಕೂಗಿದ ಕೂಗು ಬೇಕರಿಯ ಒಲೆಯವರೆಗೂ ಕೇಳಿಸಿತು. ಕರೆ ಮುಗಿಸಿ ಮೊದಲು ಮಾಡಿದ ಕೆಲಸವೆಂದರೆ ಕನ್ನಡಿಯ ಪಕ್ಕದ ಸುವರ್ಣ ಕಾರ್ಡನ್ನು ಮೊಳೆಯಿಂದ ಕಿತ್ತದ್ದು. ಒಳ್ಳೇ ದಪ್ಪ ರಟ್ಟು, ಎಸೆಯಲು ಮನಸ್ಸು ಬರಲಿಲ್ಲ. ಕತ್ತರಿಸಿ ಜೇಬಿನ ಮಾದರಿ ಮಾಡಿಕೊಂಡ. ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದ ಮೊದಲ ಜೇಬು ತಂಗಿಯ ಸಮವಸ್ತ್ರದ್ದು.

ಕೆಲವು ತಿಂಗಳು ಕಳೆದವು. ಬಿಲ್ಲಿಗೆ ಹೋಗುತ್ತಿದ್ದುದು ಈಗ ಡಬ್ಬಿಗೆ ಬೀಳುತ್ತಿತ್ತು. ಚರಂಡಿಯ ಮೇಲೆ ನಿಂತು ಕೂಗುವುದು ತಪ್ಪಿದ್ದರಿಂದ ಗಿರಾಕಿಗಳೂ ಹೆಚ್ಚಿದರು. ಒಂದು ಬೆಳಿಗ್ಗೆ ಟೈಲರು ಏನನ್ನೂ ಹೇಳದೆ ಹೊರಗೆ ಹೋಗಿ, ಕಂಕುಳಲ್ಲಿ ಒಂದು ಪೆಟ್ಟಿಗೆ ಇರುಕಿಕೊಂಡು ಬಂದ. ಹೆಂಡತಿ ನೋಡುತ್ತಿದ್ದಂತೆಯೇ ಯಂತ್ರದ ಬೆನ್ನಿಗೆ ಮೋಟಾರು ಕೂತಿತು.

"ಮುಂದಿನ ತಿಂಗಳು ಬಂತಾ?" ಎಂದಳು. ಕೊಂಕಿಗೇ ಹೇಳಿದ್ದು, ಆದರೆ ಕಣ್ಣು ತುಂಬಿತ್ತು. ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಇನ್ನೊಂದು ಪಾದವನ್ನು ಹಗುರವಾಗಿ ಒತ್ತಿದಳು. ಯಂತ್ರ ಗುಂಯ್ ಎಂದು ಓಡಿತು.

ಅದೇ ಮಧ್ಯಾಹ್ನ ಬೇಕರಿಯವನ ಸೊಸೆ ಅಂಗಡಿಗೆ ಬಂದಳು. ಕೂದಲು ಕೆದರಿತ್ತು, ಕಣ್ಣಿಗೆ ನಿದ್ದೆಯಿಲ್ಲ, ಸೊಂಟದ ಮೇಲಿನ ಕೂಸು ಕಿವಿ ಹರಿಯುವಂತೆ ಕಿರುಚುತ್ತಿತ್ತು.

"ಅಂಕಲ್, ನಿಮ್ಮ ಫೋನಿನ ಜೋಗುಳ ಏನಾಯ್ತು?" ಎಂದಳು ಅಳುಮೋರೆಯಲ್ಲಿ. "ದಿನಾ ಮಧ್ಯಾಹ್ನ ನಿಮ್ಮ ನಂಬರ್ ಒತ್ತಿ ಇವನ ಕಿವಿ ಹತ್ರ ಇಡ್ತಿದ್ದೆ. ಕೇಳ್ತಾ ಕೇಳ್ತಾ ಮಲಗಿಬಿಡ್ತಿದ್ದ. ನೀವು ಎತ್ಕೊಂಡು ಹಲೋ ಅಂದಾಗ ಮಾತ್ರ ಎಚ್ಚರ ಆಗ್ತಿತ್ತು. ಆಮೇಲೆ ಒಂದಿನ ಹಾಡೇ ನಿಂತೋಯ್ತು. ಈ ರಾಜಕುಮಾರ ಅವತ್ತಿಂದ ಮಧ್ಯಾಹ್ನ ಕಣ್ಣು ಮುಚ್ಚಿಲ್ಲ! ಇಷ್ಟು ದಿನ ಕೇಳೋಕೆ ನಾಚಿಕೆ ಆಗ್ತಿತ್ತು, ಇವತ್ತು ತಡೀಲಾರದೆ ಬಂದೆ."

ಟೈಲರು ಹೆಂಡತಿಯ ಕಡೆ ತಿರುಗಿ ಎದೆ ಉಬ್ಬಿಸಿದ. "ಕೇಳಿದ್ಯಾ? ಕೇಳಿದ್ಯಾ? ದಿನಾ ಫೋನ್ ಮಾಡ್ತಿದ್ದೋಳು ಇವಳು! ಆಣೆ ಯಾಕೆ ಅಂದ್ಯಲ್ಲ, ಇದಕ್ಕೇ!"

ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಬಾಮ್ಮಾ, ಇಲ್ಲಿ ಕೂತ್ಕೋ," ಎಂದು ಪಕ್ಕದ ಬಟ್ಟೆ ರಾಶಿಯನ್ನು ಸರಿಸಿದಳು. ಅವಳ ಪಾದ ಮೆಲ್ಲಗೆ ಒತ್ತಿತು. ಹೊಸ ಮೋಟಾರು ಗುಂಯ್ ಗುಂಯ್ ಎಂದು ಒಂದೇ ಸಮನೆ ಹಾಡತೊಡಗಿತು. ಕೂಸು ಕಿರುಚುವುದನ್ನು ನಿಲ್ಲಿಸಿ ಬಿಟ್ಟ ಕಣ್ಣು ಬಿಟ್ಟಂತೆ ಯಂತ್ರವನ್ನು ನೋಡಿತು. ರೆಪ್ಪೆ ಒಂದು ಸಲ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಒಂದು ತೋಳು ಹೊಲಿದು ಮುಗಿಯುವಷ್ಟರಲ್ಲಿ ತಾಯಿಯೂ ಗೋಡೆಗೆ ಒರಗಿ ನಿದ್ದೆಹೋಗಿದ್ದಳು. ಟೈಲರು ಫೋನಿನ ದನಿಯನ್ನು ತಗ್ಗಿಸಿ, ಬಾಗಿಲ ಬಳಿ ಬಂದ ಗಿರಾಕಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಹಾಗಾಗಿ ಜೋಜೋ ಟೈಲರ್ ಎಂಬ ಹೆಸರು ಮಾತ್ರ ಹೋಗಲಿಲ್ಲ. ಅದಕ್ಕೀಗ ಅವನ ತಕರಾರೂ ಇಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ 'ಮುಂದಿನ ತಿಂಗಳು' ಎಂದು ಕಾಯುತ್ತಿರುವ ಒಂದು ಮೋಟಾರು ಇದ್ದೀತು, ಒಂದು ಕನ್ನಡಕ ಇದ್ದೀತು, ಒಂದು ಮಂಡಿನೋವು ಇದ್ದೀತು. ನಿಮ್ಮ ಫೋನಿನ ಅಳತೆಯನ್ನು ಇವತ್ತೇ ತೆಗೆಯಿರಿ. ಎಷ್ಟು ಮಾತಾಡುತ್ತೀರಿ, ಎಷ್ಟು ಬಳಸುತ್ತೀರಿ, ಎಷ್ಟಕ್ಕೆ ಸುಮ್ಮನೆ ಕಟ್ಟುತ್ತಿದ್ದೀರಿ ನೋಡಿ. ಕೇಳದ ಸೇವೆಯೇನಾದರೂ ಅಂಟಿಕೊಂಡಿದ್ದರೆ ಕಂಪನಿಗೆ ಹೇಳಿ ತೆಗೆಸಿ. ನಿಮ್ಮ ಮನೆಯೊಳಗೆ, ನಿಮ್ಮ ಅಂಗಡಿಯೊಳಗೆ ಯಾವ ನೆಟ್‌ವರ್ಕ್ ಸಿಗುತ್ತದೆ ಎಂದು ಅಕ್ಕಪಕ್ಕದವರ ಫೋನಿನಲ್ಲೇ ಪರೀಕ್ಷೆ ಮಾಡಿ. ನಂಬರ್ ಇಟ್ಟುಕೊಂಡು ಕಂಪನಿ ಬದಲಿಸುವ ನಿಯಮ ನಿಮ್ಮಲ್ಲಿ ಹೇಗಿದೆಯೆಂದು ಹೊಸ ಕಂಪನಿಯ ಅಂಗಡಿಯಲ್ಲೇ ಹೋಗಿ ಕೇಳಿ, ಹಳೇ ಬಾಕಿ ತೀರಿಸಿ, ಕೋಡನ್ನು ಯಾರಿಗೂ ಫೋನಿನಲ್ಲಿ ಹೇಳಬೇಡಿ. ನಂಬರು ನಿಮ್ಮದು, ಬಸ್ಸು ಯಾವುದಾದರೇನು?

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಪಕ್ಕದಲ್ಲಿರುವವರ ಫೋನ್ ಇಸಿದುಕೊಂಡು ನಿಮ್ಮದೇ ನಂಬರಿಗೆ ಒಂದು ಕರೆ ಮಾಡಿ, ಕಿವಿಗಿಟ್ಟು ಕೇಳಿ. ಯಾರಿಗೆ ಗೊತ್ತು, ಬೀದಿಯಲ್ಲಿ ನಿಮಗೂ ಒಂದು ಹೆಸರು ಬಿದ್ದಿರಬಹುದು.